ಕಲಿಯೋಕೆ ನೇರವಾಗಿ ಸೂಪರ್‌ಬೈಕೇ ತಗೊಳ್ಳಲಾ?

ಪ್ರಶ್ನೆ: ನನಗೆ 21 ವರ್ಷ. ಮೂರು ವರ್ಷದಿಂದ ಅಕ್ಕನ ಸ್ಕೂಟರ್ ಓಡಿಸಿ ಅಭ್ಯಾಸ. ಗೇರ್ ಗಾಡಿಗೆ ಡಿಎಲ್ ಈಗಷ್ಟೇ ಕೈಗೆ ಬಂದಿದೆ. ಕೆಲಸ ಸಿಕ್ಕಿದೆ, ಲೋನೂ ಆಗುತ್ತೆ. ಕವಾಸಾಕಿಯ 650 ಸಿಸಿ ಸ್ಪೋರ್ಟ್ಸ್‌ಬೈಕ್ ನಿಂಜಾ 650 ತಗೊಳ್ಳಬೇಕು ಅಂತ ಆಸೆ. ಮನೆಯಲ್ಲಿ ಸುತರಾಂ ಬೇಡ ಅಂತಿದ್ದಾರೆ. ನಾನು ಜೋರಾಗಿ ಓಡಿಸೋನಲ್ಲ. ನಿಧಾನಕ್ಕೆ ಓಡಿಸಿದರೆ ಯಾವ ಗಾಡಿ ಆದರೇನು, ಅಲ್ವಾ?

ಮೊದಲು ಉತ್ತರ ಹೇಳಿಬಿಡುತ್ತೇನೆ: ಈಗಲೇ ಬೇಡ. ಒಂದೂವರೆ ಎರಡು ವರ್ಷ ಬೇರೆ ಗಾಡಿ ಓಡಿಸಿ ಆಮೇಲೆ ತಗೊಳ್ಳಿ. ಮನೆಯವರು ಬೇಡ ಅಂದದ್ದಕ್ಕೆ ನಾನೂ ಹೀಗೆ ಹೇಳುತ್ತಿಲ್ಲ. ಅವರು 125 ಸಿಸಿ ಗಾಡಿಗೂ ಬೇಡ ಅಂತಲೇ ಹೇಳುತ್ತಿದ್ದರು.

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಇದೆಯಲ್ಲ, ‘ನಿಧಾನಕ್ಕೆ ಓಡಿಸಿದರೆ ಯಾವ ಗಾಡಿ ಆದರೇನು’, ಈ ಮಾತನ್ನು ನಾನು ಹತ್ತಾರು ಜನರ ಬಾಯಲ್ಲಿ ಕೇಳಿದ್ದೇನೆ. ನಾನೂ ಒಂದು ಕಾಲದಲ್ಲಿ ಹೇಳಿದವನೇ. ಆ ಮಾತಿನಲ್ಲಿ ಸುಳ್ಳೇನಿಲ್ಲ, ಆದರೆ ಅದು ನೆಟ್ಟಗಿರುವ ರಸ್ತೆಗೆ, ಸಮಾಧಾನದ ಮನಸ್ಸಿಗೆ ಮಾತ್ರ ಅನ್ವಯಿಸುತ್ತೆ. ಎದುರಿಗೆ ನಾಯಿ ಅಡ್ಡ ಬಂದಾಗ ಕೈಕಾಲು ನಮ್ಮನ್ನು ಕೇಳಿ ಕೆಲಸ ಮಾಡುವುದಿಲ್ಲ. ಅವಕ್ಕೆ ಏನು ರೂಢಿಯಾಗಿದೆಯೋ ಅದನ್ನು ಮಾಡುತ್ತವೆ.

ನಿಮ್ಮ ಕೈಗೆ ಏನು ರೂಢಿಯಾಗಿದೆ ನೋಡಿ. ಮೂರು ವರ್ಷ ಸ್ಕೂಟರ್ ಓಡಿಸಿದ್ದೀರಿ. ಸ್ಕೂಟರಿನಲ್ಲಿ ಎಡಗೈ ಅಂದರೆ ಹಿಂದಿನ ಬ್ರೇಕು. ಗಾಬರಿಯಾದಾಗ ಎಡಗೈ ಲಿವರನ್ನು ಗಟ್ಟಿ ಹಿಡಿಯುವುದು ಈಗ ನಿಮಗೆ ಉಸಿರಾಡಿದಷ್ಟೇ ಸಹಜ. ಗೇರ್ ಗಾಡಿಯಲ್ಲಿ ಅದೇ ಜಾಗದಲ್ಲಿ ಕ್ಲಚ್ ಇದೆ. ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಇಂಜಿನ್ನಿನ ಹಿಡಿತವೂ ತಪ್ಪಿ ತೇಲಿದ ಹಾಗೆ ಮುಂದಕ್ಕೆ ಹೋಗುತ್ತೆ. ಆಮೇಲೆ ಬಲಗೈಗೆ ಹೊಳೆಯುತ್ತದೆ, ಮುಂದಿನ ಬ್ರೇಕನ್ನು ಒಮ್ಮೆಗೇ ಬಾಚಿ ಹಿಡಿಯುತ್ತದೆ. 110 ಕಿಲೋ ಗಾಡಿಯ ಡ್ರಮ್ ಬ್ರೇಕಿಗೆ ಇದು ತಡೆದೀತು. ಎರಡೆರಡು ದೊಡ್ಡ ಡಿಸ್ಕ್ ಇರುವ, ಎರಡು ಬೆರಳಿಗೇ ಮೂತಿ ನೆಲಕ್ಕೆ ಬಗ್ಗಿಸುವ ಗಾಡಿಯಲ್ಲಿ ಇದೇ ತಪ್ಪು ಬೇರೆ ಲೆಕ್ಕ ಕೇಳುತ್ತದೆ.

ಇನ್ನೊಂದು, ಹೊಸಬರೆಲ್ಲ ಒಮ್ಮೆಯಾದರೂ ಮಾಡುವುದು. ಸಿಗ್ನಲ್ಲಿನಲ್ಲಿ ಕ್ಲಚ್ ಸ್ವಲ್ಪ ಜೋರಾಗಿ ಬಿಟ್ಟರೆ ಗಾಡಿ ಎಗರುತ್ತದೆ. ಗಾಡಿ ಮುಂದೆ ಎಗರಿದರೆ ಮೈ ಹಿಂದೆ ಹೋಗುತ್ತದೆ. ಮೈ ಹಿಂದೆ ಹೋದರೆ ಹ್ಯಾಂಡಲ್ ಹಿಡಿದ ಬಲ ಮಣಿಕಟ್ಟು ತಾನಾಗಿಯೇ ಕೆಳಗೆ ತಿರುಗುತ್ತದೆ, ಅಂದರೆ ರೇಸು ಇನ್ನೂ ಜಾಸ್ತಿ ಆಗುತ್ತದೆ. ಜಾಸ್ತಿ ಆದಷ್ಟೂ ಮೈ ಇನ್ನೂ ಹಿಂದೆ. ಸ್ಪ್ಲೆಂಡರಿನಲ್ಲಿ ಇದು ನಡೆದರೆ ಗಾಡಿ ನಾಲ್ಕು ಮಾರು ಜಿಗಿದು ಆಫ್ ಆಗುತ್ತದೆ, ಹಿಂದಿನ ಆಟೋದವನು ಒಂದು ಮಾತು ಬೈಯುತ್ತಾನೆ, ಅಲ್ಲಿಗೆ ಮುಗಿಯಿತು. ದೊಡ್ಡ ಗಾಡಿಯಲ್ಲಿ ಅದೇ ಎರಡು ಸೆಕೆಂಡಿನಲ್ಲಿ ನೀವು ಮುಂದಿನ ಕಾರಿನ ಡಿಕ್ಕಿಯೊಳಗೆ ಇರುತ್ತೀರಿ. ಇಲ್ಲಿ ಜೋರಾಗಿ ಓಡಿಸಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ.

ಈ ‘ದೊಡ್ಡ’ ಅನ್ನುವುದು ಎಷ್ಟು ದೊಡ್ಡದು ಅಂತ ಅಂದಾಜಾಗಲು ಒಂದು ಲೆಕ್ಕ. ಅಶ್ವಶಕ್ತಿ ಅನ್ನುತ್ತೇವಲ್ಲ, ಒಂದೊಂದು ಕುದುರೆಯ ಬೆನ್ನಿಗೆ ಎಷ್ಟು ಕಿಲೋ ಬೀಳುತ್ತದೆ ನೋಡೋಣ. ಸ್ಪ್ಲೆಂಡರಿಗೆ ಸುಮಾರು 8 ಕುದುರೆ, 112 ಕಿಲೋ ತೂಕ, ತಲಾ 14 ಕಿಲೋ. ಯಮಹಾದ ಆರ್15ಗೆ 18.4 ಕುದುರೆ, 142 ಕಿಲೋ, ತಲಾ ಎಂಟಕ್ಕೆ ಚೂರು ಕಮ್ಮಿ. ಕೆಟಿಎಂನ ಆರ್‌ಸಿ 390ಕ್ಕೆ ಬಂದರೆ ತಲಾ 4 ಕಿಲೋ. ನೀವು ಕೇಳಿದ ನಿಂಜಾ 650ಗೆ 68 ಕುದುರೆ, 196 ಕಿಲೋ, ತಲಾ 3 ಕಿಲೋ ಕೂಡ ಇಲ್ಲ. ಝಡ್‌ಎಕ್ಸ್-10ಆರ್ ಥರದ 1000 ಸಿಸಿ ಗಾಡಿಯಲ್ಲಿ ಸುಮಾರು 200 ಕುದುರೆ, 207 ಕಿಲೋ. ಒಂದು ಕುದುರೆಗೆ ಒಂದು ಕಿಲೋ. ಅದು ಮೊದಲ ಗೇರಿನಲ್ಲೇ 100 ದಾಟುತ್ತದೆ. ಹಾಗಾಗಿ ನೀವು 1000 ಸಿಸಿ ಕೇಳಿದ್ದರೆ ಈ ಉತ್ತರ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. 650 ಕೇಳಿದ್ದೀರಿ, ಅದರ ಎರಡು ಸಿಲಿಂಡರಿನ ಇಂಜಿನ್ನು ಕೆಳಗಿನ ಆರ್‌ಪಿಎಂನಲ್ಲಿ ಸಾಕಷ್ಟು ಸಾಧು, ಆದ್ದರಿಂದ ಚರ್ಚೆಗೆ ಜಾಗವಿದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಆಗ ನನ್ನ ಹತ್ತಿರ 150 ಸಿಸಿ ಗಾಡಿ ಇತ್ತು, ನಾಲ್ಕು ವರ್ಷ ಓಡಿಸಿದ್ದೆ, ಬರುತ್ತೆ ಅನ್ನುವ ಗತ್ತು ಬೇರೆ. ಸಕಲೇಶಪುರದ ಕಡೆ ಹೋಗಿದ್ದಾಗ ಗೆಳೆಯ ತನ್ನ ದೊಡ್ಡ ಗಾಡಿ ಕೊಟ್ಟ. ‘ನಿಧಾನಕ್ಕೆ ಹೋಗ್ತೀನಿ’ ಅಂತಲೇ ಹತ್ತಿದೆ, ನಿಧಾನಕ್ಕೆ ಹೋದೆ ಅಂತಲೂ ಅನ್ನಿಸಿತ್ತು. ಕಾಫಿ ತೋಟದ ಬೇಲಿ ಪಕ್ಕದ ಒಂದು ಎಡ ತಿರುವು. ನನ್ನ ಗಾಡಿಯಲ್ಲಾದರೆ 45ರಲ್ಲಿ ಬರುತ್ತಿದ್ದ ತಿರುವಿಗೆ ಆವತ್ತು 70ರಲ್ಲಿ ಬಂದಿದ್ದೆ. ಇಂಜಿನ್ನು ನಡುಗುತ್ತಿರಲಿಲ್ಲ, ಗಾಳಿಯ ಸದ್ದೂ ಗಾಜಿನಾಚೆ, ಹಿಂದಿನ ಸಣ್ಣ ನೇರ ರಸ್ತೆಯಲ್ಲಿ ಮಣಿಕಟ್ಟು ಒಂದಿಷ್ಟೇ ತಿರುಗಿಸಿದ್ದು. ಚಿಕ್ಕ ಗಾಡಿಯಲ್ಲಿ ವೇಗ ಏರುವುದು ಕಿವಿಗೆ, ಕಾಲಿಗೆ, ಕುಂಡಿಗೆ ಗೊತ್ತಾಗುತ್ತದೆ. ಅಲ್ಲಿ ಮೀಟರು ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು, ನಾನು ಮೀಟರು ನೋಡುತ್ತಿರಲಿಲ್ಲ.

ತಿರುವಿನ ಆಚೆ ಬದಿಯಲ್ಲಿ ಚರಂಡಿ. ಅದನ್ನೇ ನೋಡಿದೆ. ಬೈಕಿನ ಒಂದು ವಿಚಿತ್ರ ಗುಣ ಅಂದರೆ ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ನಾನು ಹೆದರಿ ರೇಸು ಪೂರ್ತಿ ಬಿಟ್ಟು ಹಿಂದಿನ ಬ್ರೇಕು ತುಳಿದೆ, ಗಾಡಿ ವಾಲುವ ಬದಲು ಎದ್ದು ನಿಂತು ನೇರವಾಗಿ ಚರಂಡಿಗೆ ನಡೆಯಿತು. ಅಂಚಿನಲ್ಲಿ ತರಗೆಲೆ, ಒದ್ದೆ ಮಣ್ಣು. ಮೊಣಕೈ ತರಚಿತು, ಗೆಳೆಯನ ಗಾಡಿಯ ಎಡಗಡೆ ಫೇರಿಂಗು ಹೋಳಾಯಿತು. ಆ ಪ್ಲಾಸ್ಟಿಕ್ ತುಂಡಿನ ಬಿಲ್ಲು ಕಟ್ಟಲು ಒಂದು ತಿಂಗಳ ಸಂಬಳ ಸಾಲಲಿಲ್ಲ. ಆಮೇಲೆ ಅನುಭವ ಇದ್ದವರೊಬ್ಬರು ಹೇಳಿದ್ದು: ಆ ಗಾಡಿಗೆ ಆ ತಿರುವಿನಲ್ಲಿ 70 ಏನೂ ಅಲ್ಲ, ಇನ್ನೂ ಸ್ವಲ್ಪ ವಾಲಿಸಿ ತಿರುವಿನ ಒಳಕ್ಕೆ ನೋಡಿದ್ದರೆ ಸಲೀಸಾಗಿ ತಿರುಗುತ್ತಿತ್ತು. ಗಾಡಿಯಲ್ಲಿ ಇನ್ನೂ ಬೇಕಾದಷ್ಟು ಬಾಕಿ ಇತ್ತು, ನನ್ನಲ್ಲಿ ಮುಗಿದಿತ್ತು.

ವೇಗದ ಲೆಕ್ಕವೂ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಒಣ ಡಾಂಬರು, ಒಳ್ಳೆಯ ಟೈರು, ಚೆನ್ನಾಗಿ ಬ್ರೇಕು ಹಿಡಿಯಬಲ್ಲ ಸವಾರ ಅಂತಿಟ್ಟುಕೊಳ್ಳಿ. 60ರಲ್ಲಿ ಹೋಗುತ್ತಿದ್ದರೆ, ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ 17 ಮೀಟರ್, ಬ್ರೇಕು ಹಿಡಿದ ಮೇಲೆ ಇನ್ನು 20 ಮೀಟರ್. 100ರಲ್ಲಾದರೆ 28 ಮತ್ತು 56, ಒಟ್ಟು 84 ಮೀಟರ್. ಕೆಎಸ್‌ಆರ್‌ಟಿಸಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದರೆ ಮೊದಲನೆಯದು ಮೂರು ಬಸ್ಸು, ಎರಡನೆಯದು ಏಳು ಬಸ್ಸಿನ ಉದ್ದ. ನಮ್ಮ ಹೆದ್ದಾರಿಗಳಲ್ಲಿ ರಾಂಗ್ ಸೈಡಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಬರುವ ಎಕ್ಸೆಲ್ ಮೊಪೆಡ್, ಏಳು ಬಸ್ಸಿನಷ್ಟು ದೂರದಿಂದ ಕಾಣುವುದು ನಮ್ಮ ಅದೃಷ್ಟ ಇದ್ದಾಗ.

‘ಆದರೆ ಸರ್ಕಾರವೇ ಲೈಸೆನ್ಸು ಕೊಟ್ಟಿದೆಯಲ್ಲ?’ ಅಂತಲೂ ಕೇಳುತ್ತಾರೆ. ಕೊಟ್ಟಿದೆ, ನಿಜ. ಆರ್‌ಟಿಒ ಮೈದಾನದಲ್ಲಿ ಯಾರದ್ದೋ 100 ಸಿಸಿ ಗಾಡಿಯಲ್ಲಿ ಎಂಟು ಹಾಕಿ ಪಾಸಾದವನು ಮಾರನೇ ದಿನ 1340 ಸಿಸಿ ಹಯಬುಸಾ ಹತ್ತಬಹುದು. ನಮ್ಮಲ್ಲಿ ಗೇರ್ ಗಾಡಿ ಅಂದರೆ ಎಲ್ಲಾ ಗೇರ್ ಗಾಡಿಯೂ ಒಂದೇ. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿ ಎ1, ಎ2, ಎ ಅಂತ ಮೆಟ್ಟಿಲುಗಳಿವೆ. ಎ2ರಲ್ಲಿ 35 ಕಿಲೋವಾಟ್, ಅಂದರೆ ಸುಮಾರು 47 ಕುದುರೆಯೇ ಗಡಿ. ಎರಡು ವರ್ಷ ಅದರಲ್ಲಿ ಪಳಗಿದ ಮೇಲೆ ಎ, ಇಲ್ಲವಾದರೆ ನೇರ ಪರೀಕ್ಷೆಗೆ 24 ವರ್ಷ ಆಗುವ ತನಕ ಕಾಯಬೇಕು. 21ರ ಹೊಸಬರಿಗೆ ಅಲ್ಲಿ ನಿಂಜಾ 650 ಸಿಗುತ್ತದೆ, ಆದರೆ ಶಕ್ತಿ ತಗ್ಗಿಸಿದ ರೂಪದಲ್ಲಿ. ನಮ್ಮ ಕಾನೂನು ಆ ಮೆಟ್ಟಿಲು ಇಟ್ಟಿಲ್ಲ. ನಾವೇ ಇಟ್ಟುಕೊಳ್ಳಬೇಕು.

ಹಳಬರು ಇಲ್ಲಿ ರಾಜದೂತ್ 350 ಮಾತು ತೆಗೆಯುತ್ತಾರೆ. 1983ರಲ್ಲಿ ಬಂದ ಆ ಗಾಡಿಗೆ 30 ಕುದುರೆ ಚಿಲ್ಲರೆ, ಆಗ ಅದೇ ರಾಕ್ಷಸ. ಜಪಾನಿನ ಮೂಲ ಗಾಡಿಗೆ ಮುಂದೆ ಡಿಸ್ಕ್ ಇತ್ತು, ನಮ್ಮಲ್ಲಿಗೆ ಬರುವಾಗ ಡ್ರಮ್ ಆಯಿತು. ಓಡುವುದಕ್ಕೆ ಕೊಟ್ಟು ನಿಲ್ಲುವುದಕ್ಕೆ ಕೊಡದ ಗಾಡಿ ಅದು. ಈಗ ಅಷ್ಟೇ ಶಕ್ತಿಯ ಗಾಡಿಗಳಿಗೆ ಎಬಿಎಸ್ ಇದೆ, ಚೆನ್ನಾಗಿ ಅಂಟುವ ಟೈರಿದೆ, ಹಾಗಾಗಿ ಕುದುರೆ ಎಣಿಸುವುದೊಂದೇ ಅಳತೆಯಲ್ಲ ಅನ್ನುವುದನ್ನು ಒಪ್ಪುತ್ತೇನೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಗಾಡಿಗೂ ಎಬಿಎಸ್ ಕಡ್ಡಾಯ, ಒಳ್ಳೆಯದೇ ಆಯಿತು. ಆದರೆ ಎಬಿಎಸ್ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುತ್ತದೆ, ಟ್ರ್ಯಾಕ್ಷನ್ ಕಂಟ್ರೋಲ್ ಹಿಂದಿನ ಚಕ್ರ ಸುಮ್ಮನೆ ಗಿರಕಿ ಹೊಡೆಯದ ಹಾಗೆ. ತಿರುವಿಗೆ ಎಷ್ಟರಲ್ಲಿ ಬರಬೇಕು ಅನ್ನುವುದನ್ನು ಎರಡೂ ಹೇಳಿಕೊಡುವುದಿಲ್ಲ.

ಇನ್ನು ದಿನನಿತ್ಯದ ಪಾಡು. ಸ್ಪೋರ್ಟ್ಸ್‌ಬೈಕಿನ ಹ್ಯಾಂಡಲ್ ಪೂರ್ತಿ ತಿರುಗುವುದಿಲ್ಲ, ಟ್ಯಾಂಕಿಗೆ ತಾಗುತ್ತದೆ. ಫ್ಲೈಓವರ್ ಕೆಳಗೆ ಯೂ ಟರ್ನ್ ತೆಗೆಯುವಾಗ ಅರ್ಧಕ್ಕೆ ನಿಲ್ಲಿಸಿ, ಇನ್ನೂರು ಕಿಲೋ ಗಾಡಿಯನ್ನು ತುದಿಗಾಲಲ್ಲಿ ಹಿಂದಕ್ಕೆ ತಳ್ಳಬೇಕು, ಹಿಂದೆ ಬಿಎಂಟಿಸಿ ಬಸ್ಸು ಹಾರ್ನ್ ಒತ್ತುತ್ತಿರುತ್ತದೆ. ಹೊಸಬರ ದೊಡ್ಡ ಗಾಡಿಗಳು ಬೀಳುವುದು ಬಹುತೇಕ ಇಂಥ ಕಡೆ, ಸೊನ್ನೆ ವೇಗದಲ್ಲಿ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಫ್ಯಾನ್ ಶುರುವಾದರೆ ಬಿಸಿಗಾಳಿ ತೊಡೆಗೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬಿಡೋಣ ಅಂದರೆ 2023ರ ಆಗಸ್ಟ್ 1ರಿಂದ ಮುಖ್ಯ ದಾರಿಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. 68 ಕುದುರೆ ಇಟ್ಟುಕೊಂಡು ಸರ್ವೀಸ್ ರೋಡಿನಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗಬೇಕು. ಖರ್ಚಿನ ವಿಷಯ ನಿಮಗೇ ಗೊತ್ತಿರಬಹುದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗೆ ಜಿಎಸ್‌ಟಿ ಶೇ 18, ಅದು ದಾಟಿದರೆ ಶೇ 40.

ಹಾಗಾದರೆ ಏನು ತಗೊಳ್ಳುವುದು? ನನ್ನ ಪ್ರಕಾರ ನಿಮಗೆ ಸೆಕೆಂಡ್ ಹ್ಯಾಂಡ್ ಆರ್15. ನೋಡಲು ಸ್ಪೋರ್ಟ್ಸ್‌ಬೈಕೇ, ಬಗ್ಗಿ ಕೂರುವ ಭಂಗಿ ಅದೇ, ತಿರುವಿನಲ್ಲಿ ಗುರುವಿನ ಹಾಗೆ ಕಲಿಸುತ್ತದೆ. ಶಕ್ತಿ ಕಮ್ಮಿ ಇರುವುದರಿಂದ ವೇಗ ಉಳಿಸಿಕೊಳ್ಳಬೇಕಾದರೆ ತಿರುವನ್ನು ಸರಿಯಾಗಿ ತೆಗೆಯಲೇಬೇಕು, ನೇರ ರಸ್ತೆಯಲ್ಲಿ ರೇಸು ತಿರುಗಿಸಿ ತಪ್ಪು ಮುಚ್ಚಿಕೊಳ್ಳಲು ಆಗುವುದಿಲ್ಲ. ಬಿದ್ದರೂ ಎತ್ತಬಹುದು, ರಿಪೇರಿಗೆ ಲೋನು ಬೇಡ, ಮಾರುವಾಗ ಕೊಟ್ಟ ದುಡ್ಡಿನಲ್ಲಿ ಹೆಚ್ಚೇನೂ ಹೋಗಿರುವುದಿಲ್ಲ. ಇನ್ನೂ ಸ್ವಲ್ಪ ಬೇಕೇ ಬೇಕು ಅಂದರೆ ಪಕ್ಕದ ಹೊಸೂರಿನಲ್ಲಿ ತಯಾರಾಗುವ ಅಪಾಚೆ ಆರ್‌ಆರ್ 310 ನೋಡಿ, ಅದರ ರೈನ್ ಮೋಡಿನಲ್ಲಿ ಶಕ್ತಿ ತಾನಾಗಿ ತಗ್ಗುತ್ತದೆ, ಮೊದಲ ಆರು ತಿಂಗಳು ಬಿಸಿಲಿದ್ದರೂ ಅದರಲ್ಲೇ ಓಡಿಸಿ. ಆರ್‌ಸಿ 390ಯನ್ನು ಕಲಿಯುವವರ ಗಾಡಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಗುರ, ಚುರುಕು, ರೇಸಿಗೆ ಬೆಂಕಿಯ ಹಾಗೆ ಸ್ಪಂದಿಸುತ್ತದೆ. ಎರಡನೇ ಗಾಡಿಯಾಗಿ ಅದ್ಭುತ.

ಗಾಡಿ ಬಂದ ಮೇಲೆ ಭಾನುವಾರ ಬೆಳಿಗ್ಗೆ ಖಾಲಿ ಮೈದಾನವೊಂದಕ್ಕೆ ಹೋಗಿ, ಎಪಿಎಂಸಿ ಯಾರ್ಡ್ ಆದರೂ ಆದೀತು. 40ರಲ್ಲಿ ಬಂದು ಮುಂದಿನ ಬ್ರೇಕನ್ನು ನಿಂಬೆಹಣ್ಣು ಹಿಂಡುವ ಹಾಗೆ ಹಿಡಿಯಿರಿ: ಮೊದಲು ಮೆತ್ತಗೆ, ಮೂತಿ ಕೆಳಗಿಳಿದ ಮೇಲೆ ಗಟ್ಟಿ. ಎಲ್ಲಿ ನಿಂತಿತೋ ಅಲ್ಲೊಂದು ಕಲ್ಲು ಇಡಿ. ವಾರದಿಂದ ವಾರಕ್ಕೆ ಆ ಕಲ್ಲು ಹತ್ತಿರ ಬರಬೇಕು. ಅದೇ 40ರಲ್ಲಿ ನೇರ ಹೋಗುವಾಗ ಎಡಗೈಯಿಂದ ಎಡ ಹ್ಯಾಂಡಲನ್ನು ಸ್ವಲ್ಪವೇ ಮುಂದಕ್ಕೆ ಒತ್ತಿ ನೋಡಿ, ಗಾಡಿ ಎಡಕ್ಕೇ ವಾಲುತ್ತದೆ. ಬಲಕ್ಕೆ ಹೋಗಬೇಕಿತ್ತಲ್ಲ ಅನ್ನಿಸುತ್ತದೆ, ಹೋಗುವುದಿಲ್ಲ. ಸಕಲೇಶಪುರದಲ್ಲಿ ನನಗೆ ಗೊತ್ತಿರದೆ ಹೋದದ್ದು ಈ ಒಂದು ಒತ್ತು. ಹೆಲ್ಮೆಟ್ಟು ಐಎಸ್‌ಐ ಮುದ್ರೆಯ ಪೂರ್ತಿ ಮುಖ ಮುಚ್ಚುವಂಥದ್ದು, ಜೊತೆಗೆ ಗ್ಲೌಸು. ಬೀಳುವಾಗ ಎಲ್ಲರೂ ಮೊದಲು ಅಂಗೈ ಊರುತ್ತಾರೆ.

ವರ್ಷ ಕಳೆದ ಮೇಲೆ, ದುಡ್ಡಿದ್ದರೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ತರಬೇತಿ ನಡೆಯುವಾಗ ಎರಡು ದಿನ ಹೋಗಿ ಬನ್ನಿ, ಅದೇ ಆರ್15ನಲ್ಲಿ. ಆಮೇಲೆ 650 ಟೆಸ್ಟ್ ರೈಡ್ ಕೇಳಿ. ಶೋರೂಮಿನವರು ಹೆದ್ದಾರಿ ಕಡೆ ಕಳಿಸಲು ನೋಡುತ್ತಾರೆ, ನೀವು ಹಿಂದಿನ ಗಲ್ಲಿಗೆ ತಿರುಗಿಸಿ. ಎರಡು ಹಂಪು, ಒಂದು ಯೂ ಟರ್ನು, ಕಾಲು ಊರದೆ ಆಯಿತು ಅಂದರೆ ವಾಪಸ್ ಬಂದು ಬುಕ್ಕಿಂಗ್ ಫಾರಂ ಕೇಳಿ.