ಫೋರ್ಟ್‌ನೈಟ್: ಕೋಟೆ ಹೋಗಿ ಗೋಡೆ ಉಳಿದ ಬಗೆ

ಫೋರ್ಟ್‌ನೈಟ್ ಎಂಬ ವಿಡಿಯೊ ಆಟದ ಹೆಸರಿನಲ್ಲಿ ಕೋಟೆಯೂ ಇದೆ, ರಾತ್ರಿಯೂ ಇದೆ. ಹಗಲಿನಲ್ಲಿ ಮರ, ಕಲ್ಲು, ಲೋಹಗಳನ್ನು ಕೂಡಿಹಾಕಿ ಕೋಟೆ ಕಟ್ಟುವುದು, ಕತ್ತಲಾದ ಮೇಲೆ ಮುತ್ತಿಗೆ ಹಾಕುವ ಜೋಂಬಿಗಳಿಂದ ಅದನ್ನು ಕಾಯುವುದು: ಅಮೆರಿಕದ ಎಪಿಕ್ ಗೇಮ್ಸ್ ಸಂಸ್ಥೆ 2011ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಘೋಷಿಸಿದ ಆಟದ ಕಲ್ಪನೆ ಇಷ್ಟೇ ಆಗಿತ್ತು. ಈ ಹೆಸರನ್ನು ಜಗತ್ತಿಗೆಲ್ಲ ಪರಿಚಯಿಸಿದ ಆಟದಲ್ಲಾದರೋ ಜೋಂಬಿಗಳ ಮುತ್ತಿಗೆಯಿಲ್ಲ, ಬೆಳಗಿನವರೆಗೆ ಕಾಯಬೇಕಾದ ಕೋಟೆಯೂ ಇಲ್ಲ.

ಆರು ವರ್ಷಗಳ ಕಾಲ ರೂಪುಗೊಂಡ ಆ ಮೂಲ ಆಟ, ಒಟ್ಟಿಗೆ ನಾಲ್ವರು ಆಡಬಹುದಾದ ಸಹಕಾರದ ಆಟವಾಗಿ, 2017ರ ಜುಲೈನಲ್ಲಿ ಹೊರಬಂತು. ಅಷ್ಟರಲ್ಲಿ, ಅದೇ ವರ್ಷದ ಮಾರ್ಚ್‌ನಲ್ಲಿ ಕಾಣಿಸಿಕೊಂಡಿದ್ದ ಪಬ್‌ಜಿ, ಒಂದು ಭೂಪ್ರದೇಶಕ್ಕೆ ನೂರು ಮಂದಿಯನ್ನು ಇಳಿಸಿ ಕೊನೆಗೆ ಉಳಿದವರನ್ನು ಗೆಲ್ಲಿಸುವ ‘ಬ್ಯಾಟಲ್ ರಾಯಲ್’ ಮಾದರಿಯ ಹುಚ್ಚು ಹಿಡಿಸಿತ್ತು. ಪಬ್‌ಜಿಯನ್ನು ಕಟ್ಟಿದ್ದು ಎಪಿಕ್ ಸಂಸ್ಥೆಯದೇ ಆದ ಅನ್‌ರಿಯಲ್ ಎಂಜಿನ್ ಎಂಬ ತಂತ್ರಾಂಶದಿಂದ. ಉಳಿ ಒದಗಿಸಿದವರೇ ಬೇರೆಯವರು ಕೆತ್ತಿದ ಮೂರ್ತಿಯನ್ನು ಬೆರಗಾಗಿ ನೋಡಬೇಕಾದ ಪ್ರಸಂಗವಿದು. ಸುಮಾರು ಎರಡು ತಿಂಗಳಲ್ಲಿ ತನ್ನದೇ ಬ್ಯಾಟಲ್ ರಾಯಲ್ ಸಿದ್ಧಪಡಿಸಿದ ಎಪಿಕ್, 2017ರ ಸೆಪ್ಟೆಂಬರ್ 26ರಂದು ಅದನ್ನು ಉಚಿತವಾಗಿ ಬಿಡುಗಡೆ ಮಾಡಿತು. ಎರಡೇ ವಾರದಲ್ಲಿ ಒಂದು ಕೋಟಿ ಜನ ಆಡಿದರು.

ಎರಡು ತಿಂಗಳು ಸಾಕಾದದ್ದು ಹಳೆಯ ಆಟದ ಬಂದೂಕು, ಸಾಮಗ್ರಿ, ಕಟ್ಟುವ ವಿಧಾನಗಳೆಲ್ಲ ಸಿದ್ಧವಾಗಿಯೇ ಇದ್ದುದರಿಂದ. ಒಂದು ಕೆಲಸಕ್ಕಾಗಿ ಬೆಳೆದ ಅಂಗ ಮತ್ತೊಂದು ಕೆಲಸಕ್ಕೆ ಒದಗಿಬರುವುದನ್ನು ಜೀವವಿಕಾಸ ವಿಜ್ಞಾನಿಗಳಾದ ಸ್ಟೀಫನ್ ಜೇ ಗೂಲ್ಡ್ ಮತ್ತು ಎಲಿಜಬೆತ್ ವರ್ಬಾ 1982ರಲ್ಲಿ ‘ಎಕ್ಸಾಪ್ಟೇಶನ್’ ಎಂದು ಕರೆದರು. ಹಾರಲಾಗದ ಡೈನೋಸಾರ್‌ಗಳ ಮೈಮೇಲೂ ಗರಿಗಳಿದ್ದವು. ಹಾರಾಟಕ್ಕೆ ಅವು ಒದಗಿದ್ದು ಆಮೇಲೆ. ಫೋರ್ಟ್‌ನೈಟ್‌ನ ಗೋಡೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

ಬಯಲಿನಲ್ಲಿ ಓಡುತ್ತಿರುವಾಗ ಎದುರಿನ ದಿಬ್ಬದಿಂದ ಗುಂಡು ಬಂತು ಎಂದಿಟ್ಟುಕೊಳ್ಳಿ. ಬೇರೆ ಆಟದಲ್ಲಿ ಮರದ ಮರೆಗೆ ಓಡಬೇಕು. ಇಲ್ಲಿ ಪಳಗಿದ ಆಟಗಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೊಂದು ಗೋಡೆ, ಅದರ ಹಿಂದೊಂದು ಇಳಿಜಾರು ಎಬ್ಬಿಸಿ, ಅದನ್ನೇರಿ ಮೇಲಿನಿಂದ ಗುರಿಯಿಡುತ್ತಾನೆ. ಒಂದೊಂದು ತುಂಡಿಗೆ ತಗಲುವುದು ಸಾಮಗ್ರಿಯ 10 ಘಟಕ ಮಾತ್ರ. ಲೋಹದ ಗೋಡೆ ಗಟ್ಟಿ, ಆದರೆ ಪೂರ್ತಿ ಮೇಲೇಳಲು ಹೊತ್ತು ಹಿಡಿಯುತ್ತದೆ. ಮರದ್ದು ದುರ್ಬಲ, ಆದರೆ ಬೇಗ ಎದ್ದು ನಿಲ್ಲುತ್ತದೆ. ದೀರ್ಘ ಮುತ್ತಿಗೆಗೆ ಲೋಹ ಸರಿಯಾದ ಆಯ್ಕೆಯಾಗಿದ್ದರೆ, ಕೆಲವೇ ಕ್ಷಣದ ಆಯುಸ್ಸಿನ ಈ ಗೋಡೆಗೆ ಮರವೇ ಮೇಲು. ಕೋಟೆಯ ರಕ್ಷಣೆಗೆಂದು ಹುಟ್ಟಿದ ಸಾಧನ ಹೀಗೆ ಮೇಲೇರಿ ದಾಳಿ ಮಾಡುವ ಏಣಿಯಾಯಿತು. ಪ್ರತಿ ತುಂಡೂ ಪಕ್ಕದ ತುಂಡುಗಳ ಮೂಲಕ ನೆಲಕ್ಕೆ ತಾಗಿದೆಯೇ ಎಂದು ಕಂಪ್ಯೂಟರ್ ಲೆಕ್ಕ ಇಡುವುದರಿಂದ, ಎದುರಾಳಿ ಬುಡದ ತುಂಡನ್ನು ಒಡೆದರೆ ಇಡೀ ಗೋಪುರವೇ ಕುಸಿಯುತ್ತದೆ.

ಇದರ ಭಾರವೆಲ್ಲ ಬಿದ್ದದ್ದು ಆಟಗಾರರನ್ನೆಲ್ಲ ಬೆಸೆಯುವ ಕೇಂದ್ರ ಕಂಪ್ಯೂಟರ್ ಆದ ಸರ್ವರ್ ಮೇಲೆ. ನಾಲ್ವರಿದ್ದಾಗ ಒಬ್ಬೊಬ್ಬರಿಗೂ ಉಳಿದವರ ಚಲನವಲನ ತಿಳಿಸಲು 12 ಸಂಬಂಧಗಳನ್ನು ನೋಡಿಕೊಂಡರೆ ಸಾಕು. ನೂರು ಮಂದಿಯಾದಾಗ ಆ ಸಂಖ್ಯೆ 9,900. ಅದರ ಮೇಲೆ ಕ್ಷಣಕ್ಷಣಕ್ಕೂ ಎದ್ದು ಬೀಳುವ ಗೋಡೆಗಳು ಬೇರೆ. ಪ್ರತಿ ವಸ್ತುವನ್ನೂ ಪ್ರತಿ ಆಟಗಾರನಿಗೆ ಹೋಲಿಸಿ ನೋಡುವ ಹಳೆಯ ಕ್ರಮದ ಬದಲು, ನೆಲವನ್ನು ಚೌಕಗಳಾಗಿ ವಿಂಗಡಿಸಿ, ಆಟಗಾರನಿರುವ ಚೌಕಕ್ಕೆ ಸಂಬಂಧಿಸಿದ್ದನ್ನಷ್ಟೇ ಅವನಿಗೆ ತಲುಪಿಸುವ ‘ರೆಪ್ಲಿಕೇಶನ್ ಗ್ರಾಫ್’ ಎಂಬ ವ್ಯವಸ್ಥೆಯನ್ನು ಎಪಿಕ್ ಈ ಆಟಕ್ಕಾಗಿ ರೂಪಿಸಿ, 2018ರಲ್ಲಿ ತನ್ನ ಎಂಜಿನ್ನಿಗೂ ಸೇರಿಸಿತು. ನನ್ನ ಮಟ್ಟಿಗೆ, ಈ ಆಟದೊಳಗಿನ ಸಂಗೀತ ಕಚೇರಿ, ಪಾತ್ರಗಳ ವೇಷಭೂಷಣಗಳ ಗದ್ದಲಕ್ಕಿಂತ ಕುತೂಹಲಕರವಾದ ಬೆಳವಣಿಗೆ ಇದು.

ಆದರೆ ಏಣಿ ಹತ್ತುವವರ ಕೈಚಳಕ ವರ್ಷದಿಂದ ವರ್ಷಕ್ಕೆ ಎಷ್ಟು ಬೆಳೆಯಿತೆಂದರೆ, ಹೊಸಬರು ಒಂದು ಗೋಡೆ ಕಟ್ಟುವುದರೊಳಗೆ ಹಳಬರ ಗೋಪುರ ಎದ್ದಿರುತ್ತಿತ್ತು. 2022ರ ಮಾರ್ಚ್‌ನಲ್ಲಿ ಎಪಿಕ್ ಕಟ್ಟುವ ಸೌಲಭ್ಯವನ್ನು ಮುಖ್ಯ ಆಟದಿಂದ ಕೆಲ ದಿನ ತೆಗೆದೇಬಿಟ್ಟಿತು. ಬಳಿಕ ಅದನ್ನು ಮರಳಿಸಿದರೂ, ಗೋಡೆಯೇ ಇಲ್ಲದ ‘ಝೀರೋ ಬಿಲ್ಡ್’ ವಿಭಾಗವನ್ನು ಪ್ರತ್ಯೇಕವಾಗಿ ತೆರೆಯಿತು. ಮರೆಗೆ ಗೋಡೆಯಿಲ್ಲದ ಅಲ್ಲಿನ ಆಟಗಾರರಿಗೆ, ಪೆಟ್ಟು ತಿಂದು ಕರಗಿದರೂ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ತುಂಬಿಕೊಳ್ಳುವ ‘ಓವರ್‌ಶೀಲ್ಡ್’ ಎಂಬ ಹೆಚ್ಚುವರಿ ಕವಚವನ್ನು ಮೈಗೇ ತೊಡಿಸಲಾಯಿತು.