ನೆನಪಿನ ಪಾಲುದಾರ ಹೋದ ಮೇಲೆ

ನಮ್ಮಲ್ಲಿ ಸಾವಿಗೂ ಒಂದು ಲೆಕ್ಕಾಚಾರವಿದೆ. ದಾಯಾದಿಗಳಿಗೆ ಸೂತಕ, ಮಕ್ಕಳಿಗೆ ಕರ್ಮಾಂತರ, ಬಂಧುಬಳಗಕ್ಕೆ ವೈಕುಂಠ ಸಮಾರಾಧನೆ. ಶಾಲೆಯಿಂದ ಜೊತೆಗಿದ್ದ ಗೆಳೆಯನಿಗೆ ಇದ್ಯಾವುದೂ ಇಲ್ಲ. ಬನಶಂಕರಿಯ ಚಿತಾಗಾರದ ಹೊರಗೆ ಗುಂಪಿನ ಅಂಚಿನಲ್ಲಿ ನಿಂತಿದ್ದು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಮರುದಿನ ಅವನು ಕೆಲಸಕ್ಕೆ ಹೊರಡಬೇಕು. ರಜೆ ಕೇಳಿದರೆ ‘ಅವರು ನಿಮಗೆ ಏನಾಗಬೇಕು?’ ಎಂಬ ಪ್ರಶ್ನೆ. ಸಮಾಜ ಮಾನ್ಯ ಮಾಡದ, ಎಲ್ಲರೆದುರು ಅಳಲು ಎಡೆಗೊಡದ ಇಂಥ ದುಃಖವನ್ನು ಅಮೆರಿಕದ ದುಃಖ ಅಧ್ಯಯನಕಾರ ಕೆನೆತ್ ಡೋಕಾ 1989ರಲ್ಲೇ ಗುರುತಿಸಿ ವಿವರಿಸಿದ್ದರು. ಗೆಳೆಯರ ದುಃಖವನ್ನು ಹೀಗೆ ಬದಿಗಿಡುವುದು ತಪ್ಪು ಎಂದೇ ನನ್ನ ನಂಬಿಕೆ. ಅದಕ್ಕೆ ಕಾರಣ ಭಾವನೆಯೊಂದೇ ಅಲ್ಲ, ನೆನಪು ಕೆಲಸ ಮಾಡುವ ರೀತಿಯೂ ಹೌದು.

ಬಸವನಗುಡಿಯಲ್ಲಿ ನನ್ನೊಡನೆ ಓದಿದ ಗೆಳೆಯ ತೀರಿಕೊಂಡ. ಅವನಿದ್ದಾಗ ನಮ್ಮ ಮಾತು ಹೀಗೆ ಸಾಗುತ್ತಿತ್ತು: ‘ರಸಾಯನಶಾಸ್ತ್ರದ ಮೇಷ್ಟ್ರ ಹೆಸರೇನೋ?’ ಎಂದು ನಾನು ಕೇಳುತ್ತಿದ್ದೆ. ಅವನಿಗೂ ಹೊಳೆಯುತ್ತಿರಲಿಲ್ಲ. ‘ಚಾಮರಾಜಪೇಟೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರಲ್ಲ’ ಎನ್ನುತ್ತಿದ್ದ. ‘ಹೌದು, ಹ್ಯಾಂಡಲ್ಲಿಗೆ ಛತ್ರಿ ಸಿಕ್ಕಿಸಿಕೊಂಡು’ ಎನ್ನುತ್ತಿದ್ದೆ. ಛತ್ರಿ ಎನ್ನುತ್ತಲೇ ಇಬ್ಬರ ಬಾಯಲ್ಲೂ ಒಟ್ಟಿಗೆ ಹೆಸರು ಬರುತ್ತಿತ್ತು. ಆ ಹೆಸರು ಅವನ ತಲೆಯಲ್ಲೂ ಪೂರ್ತಿ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1985ರಲ್ಲಿ ಮಂಡಿಸಿದ ವಿಚಾರ ಇದೇ. ಬಹುಕಾಲ ಒಟ್ಟಿಗಿದ್ದವರು ನೆನಪನ್ನು ಹಂಚಿಕೊಂಡು ಇಟ್ಟುಕೊಳ್ಳುತ್ತಾರೆ. ಯಾವುದು ಯಾರ ಬಳಿ ಇದೆ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆಸ್ಟ್ರೇಲಿಯಾದ ಸೀಲಿಯಾ ಹ್ಯಾರಿಸ್ ತಂಡ 2011ರಲ್ಲಿ ವಯಸ್ಸಾದ ದಂಪತಿಗಳನ್ನು ಪರೀಕ್ಷಿಸಿದಾಗ, ಒಬ್ಬರಿಗೊಬ್ಬರು ಸುಳಿವು ಕೊಡುತ್ತಾ ಮಾತನಾಡುವ ಕೆಲವು ಜೋಡಿಗಳು ಒಂಟಿಯಾಗಿ ನೆನೆಯುವುದಕ್ಕಿಂತ ಚೆನ್ನಾಗಿ ನೆನಪಿಸಿಕೊಂಡವು. ಹಾಗಿದ್ದರೆ ಒಬ್ಬರು ಸತ್ತಾಗ ಉಳಿದವರು ಕಳೆದುಕೊಳ್ಳುವುದು ಆ ವ್ಯಕ್ತಿಯನ್ನು ಮಾತ್ರವಲ್ಲ, ತಮ್ಮದೇ ಬದುಕಿನ ಒಂದು ಭಾಗವನ್ನು ಕೂಡ. ನನ್ನ ಹದಿನೈದನೆಯ ವಯಸ್ಸಿಗೆ ಸಾಕ್ಷಿಯಾಗಿದ್ದವನು ಈಗ ಇಲ್ಲ.

ಮಿದುಳು ಇದನ್ನು ಬೇಗ ಒಪ್ಪುವುದೂ ಇಲ್ಲ. ಲಾಲ್‌ಬಾಗಿನ ಬಂಡೆಯ ಬುಡದಲ್ಲಿ ಬೆಳಗಿನ ನಡಿಗೆಗೆ ಅವನು ನನಗಾಗಿ ಕಾಯುತ್ತಿದ್ದ ಜಾಗವಿದೆ. ಅಲ್ಲಿಗೆ ಬಂದರೆ ಇಂದಿಗೂ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ನಾವು ಎಲ್ಲಿದ್ದೇವೆ ಎಂದು ಗುರುತಿಸುವ ಮಿದುಳಿನ ವ್ಯವಸ್ಥೆಯ ಶೋಧಕ್ಕಾಗಿ ಜಾನ್ ಓಕೀಫ್ ಜೊತೆ 2014ರ ನೊಬೆಲ್ ಪಡೆದವರು. ನಾರ್ವೆಯ ಅವರ ಪ್ರಯೋಗಾಲಯದಿಂದ 2013ರಲ್ಲಿ ಒಂದು ಸೋಜಿಗದ ವರದಿ ಬಂತು. ಇಲಿಯ ಆವರಣದಲ್ಲಿ ಒಂದು ವಸ್ತುವನ್ನಿಟ್ಟು, ಆಮೇಲೆ ತೆಗೆದರು. ನೆನಪು ಮತ್ತು ಜಾಗದ ಅರಿವಿಗೆ ಸಂಬಂಧಿಸಿದ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗದ ಕೆಲವು ನರಕೋಶಗಳು ವಸ್ತು ಹಿಂದೆ ಇದ್ದ ಜಾಗಕ್ಕೆ ಇಲಿ ಬಂದಾಗಲೆಲ್ಲ, ವಸ್ತುವನ್ನು ತೆಗೆದು ದಿನಗಳಾದ ಮೇಲೂ, ಮಿಡಿಯುತ್ತಿದ್ದವು. ಇಲಿಯ ನರಕೋಶದಿಂದ ಮನುಷ್ಯನ ದುಃಖಕ್ಕೆ ಒಂದೇ ನೆಗೆತದಲ್ಲಿ ಹೋಗಬಾರದು, ನಿಜ. ಆದರೂ ‘ಇಲ್ಲಿತ್ತು’ ಎಂಬುದನ್ನು ದಾಖಲಿಸುವ ಕೋಶಗಳಿವೆ ಎಂದು ಓದಿದಾಗ ನನಗೆ ಸಮಾಧಾನವಾಯಿತು.

ದುಃಖಕ್ಕೆ ಐದು ಹಂತ, ಒಂದೊಂದೇ ದಾಟಬೇಕು ಎನ್ನುವವರಿಗೆ ಒಂದು ಮಾತು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಈ ಹಂತಗಳಲ್ಲಿ ವಿವರಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಮನಃಸ್ಥಿತಿಯನ್ನು. ಉಳಿದವರ ದುಃಖ ಅಂಥ ಸಾಲಿನಲ್ಲಿ ನಡೆಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೆ ಸಂಗತಿ. ನೆನಪು ಒಮ್ಮೆ ದಾಖಲಾದರೆ ಹಾಗೆಯೇ ಉಳಿಯುವಂಥದ್ದಲ್ಲ. 2000ರಲ್ಲಿ ನರವಿಜ್ಞಾನಿ ಕರೀಂ ನಾದರ್ ಮತ್ತು ಜೊತೆಗಾರರು ಇಲಿಗಳಿಗೆ ಒಂದು ಸದ್ದನ್ನು ಕೇಳಿಸಿ, ಜೊತೆಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಸದ್ದಿಗೆ ಹೆದರುವುದನ್ನು ಕಲಿಸಿದರು. ಮತ್ತೆ ಆ ಸದ್ದನ್ನು ಕೇಳಿಸಿ, ಕೂಡಲೇ ಹೆದರಿಕೆಗೆ ಸಂಬಂಧಿಸಿದ ಮಿದುಳಿನ ಭಾಗವಾದ ಅಮಿಗ್ಡಲಾದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧ ಕೊಟ್ಟಾಗ ಹೆದರಿಕೆ ಬಹಳಷ್ಟು ಅಳಿಸಿಹೋಯಿತು. ಸದ್ದನ್ನು ಕೇಳಿಸದೆ ಔಷಧವನ್ನಷ್ಟೇ ಕೊಟ್ಟಾಗ ಏನೂ ಆಗಲಿಲ್ಲ. ಅಂದರೆ ನೆನೆದ ಗಳಿಗೆಯಲ್ಲಿ ನೆನಪು ಮತ್ತೆ ಹಸಿಮಣ್ಣಾಗುತ್ತದೆ. ಆಗ ಅದರ ಆಕಾರ ಬದಲಾಗಬಹುದು. ಗೆಳೆಯನ ಕಥೆಯನ್ನು ಹೇಳಿದಷ್ಟೂ ಅದು ನನಗೆ ಬೇಕಾದ ರೂಪಕ್ಕೆ ತಿರುಗುವ ಅಪಾಯವಿದೆ. ‘ಏಯ್, ಹಾಗಾಗಲಿಲ್ಲ ಅದು’ ಎಂದು ತಡೆಯುತ್ತಿದ್ದವನು ಅವನೊಬ್ಬನೇ.

ಹಾಗಾಗಿ ಸತ್ತವರ ಬಗ್ಗೆ ಹಲವರು ಕೂತು ಮಾತನಾಡಬೇಕು, ಬೇಗ ಮಾತನಾಡಬೇಕು. ಈಚೆಗೆ ಅವನ ಮನೆಗೆ ಹೋಗಿದ್ದೆ. ಪಿಯುಸಿ ಫಲಿತಾಂಶದ ದಿನ ಗಾಂಧಿ ಬಜಾರಿನ ಹೋಟೆಲಿನಲ್ಲಿ ನಾವಿಬ್ಬರು ದೋಸೆ ತಿಂದದ್ದನ್ನು, ದುಡ್ಡು ನಾನೇ ಕೊಟ್ಟದ್ದನ್ನು ಅವನ ಮಗಳಿಗೆ ಹೇಳುತ್ತಿದ್ದೆ.

‘ಅಪ್ಪ ಹೇಳುತ್ತಿದ್ದದ್ದು ಹಾಗಲ್ಲ ಅಂಕಲ್’ ಎಂದಳು. ‘ದುಡ್ಡು ಸಾಲದೆ ನೀವು ವಾಚ್ ಬಿಚ್ಚಿ ಗಲ್ಲಾದಲ್ಲಿಟ್ಟು ಬಂದಿರಂತೆ.’

ವಾಚ್ ನನ್ನ ತಂದೆಯದು, ಎಚ್‌ಎಂಟಿ. ಮರುದಿನ ಬೆಳಿಗ್ಗೆ ದುಡ್ಡು ಹೊಂದಿಸಿ ಅದನ್ನು ಬಿಡಿಸಿಕೊಂಡು ಬಂದವನು ಅವನು. ಅದನ್ನೂ ಅವಳಿಗೆ ಹೇಳಿದೆ. ಅವಳಿಗೆ ಅಷ್ಟು ಗೊತ್ತಿರಲಿಲ್ಲ.