ಮಸ್ಕಿಯ ಬಂಡೆಗಿಲ್ಲದ ಚಿಂತೆ

ಅಶೋಕನ ಹೆಸರು ಹೊತ್ತ ಮಸ್ಕಿಯ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನವು 1931ರಲ್ಲಿ. ಎರಡು ಸಾವಿರ ವರ್ಷಗಳ ಮಳೆಬಿಸಿಲಿಗೆ ಆ ಬಂಡೆಗಳು ಜಗ್ಗಿಲ್ಲ. ಅದೇ ಬಂಡೆಯ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಫೋಟೋ ಮಾತ್ರ ಮೊಮ್ಮಕ್ಕಳ ಕೈ ಸೇರುವಷ್ಟರಲ್ಲಿ ಮಾಸಿರುತ್ತದೆ.

ಕಪ್ಪು-ಬಿಳುಪು ಫೋಟೋ ಎಂದರೆ ಕಾಗದದ ಮೇಲೆ ಬಳಿದ ಜೆಲಟಿನ್ ಪದರ, ಅದರೊಳಗೆ ಹುದುಗಿದ ಬೆಳ್ಳಿಯ ಸೂಕ್ಷ್ಮ ಕಣಗಳು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪ್ರೋಟೀನು. ಹಾಗಾಗಿ ಬೂಷ್ಟಿಗೂ ಬೆಳ್ಳಿಹುಳಕ್ಕೂ ಅದು ಹಬ್ಬದೂಟ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು.

ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ನ ವಿಹಾರಗಳಲ್ಲಿ ಭಿಕ್ಷುಗಳು ತಲೆಮಾರುಗಳಿಂದ ಕೂಡಿಟ್ಟ ಸಾವಿರಾರು ಫೋಟೋಗಳಿಗೆ ಕಾಡುವುದು ಈ ತೇವವೇ. ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಅವುಗಳಿಗೆ ಡಿಜಿಟಲ್ ಪ್ರತಿಗಳಾದವು. ಆದರೆ ಪ್ರತಿ ಇದೆಯೆಂದು ಮೂಲವನ್ನು ಮೂಲೆಗೆ ಎಸೆಯಲಾಗದು.

ನಮ್ಮದು ಒಣ ಸೀಮೆ, ನಮಗೇನು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ರಾಯಚೂರಿನ ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಜೆಲಟಿನ್ ಒಣಗಿ ಕುಗ್ಗುತ್ತದೆ, ಫೋಟೋ ಸುರುಳಿ ಸುತ್ತುತ್ತದೆ. ಆಗಸ್ಟ್ ಬಂದರೆ ಅದೇ ಪದರ ತೇವ ಹೀರಿ ಉಬ್ಬುತ್ತದೆ. ಕಾಗದ ಹಿಗ್ಗುವ ಪ್ರಮಾಣ ಬೇರೆ, ಜೆಲಟಿನ್‌ನದು ಬೇರೆ. ವರ್ಷ ವರ್ಷವೂ ನಡೆಯುವ ಈ ಜಗ್ಗಾಟದಲ್ಲಿ ಪದರ ಬಿರುಕು ಬಿಡುತ್ತದೆ. ಹಳೆಯ ಅಸಿಟೇಟ್ ಎಂಬ ಪ್ಲಾಸ್ಟಿಕ್ ಫಿಲ್ಮಿನ ನೆಗೆಟಿವ್‌ಗಳ ಪಾಡು ಇನ್ನೂ ಕಷ್ಟ: ಸೆಖೆಗೆ ಅಸಿಟಿಕ್ ಆಮ್ಲ ಬಿಡುತ್ತವೆ, ಆ ಆಮ್ಲವೇ ಕೊಳೆಯುವಿಕೆಯನ್ನು ಮತ್ತಷ್ಟು ಚುರುಕುಗೊಳಿಸುತ್ತದೆ. ಡಬ್ಬಿ ತೆರೆದಾಗ ಹುಳಿ ವಾಸನೆ ಬಂದರೆ ಅವನ್ನು ಕೂಡಲೇ ಬೇರೆ ಇಡಬೇಕು.

ಎಸಿ ಹಾಕಿದರೆ ಆಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಗಲು ಓಡಿಸಿ ರಾತ್ರಿ ಆರಿಸುವ ಎಸಿಯಿಂದ ಏರಿಳಿತ ಹೆಚ್ಚುತ್ತದೆ. ಕರೆಂಟ್ ಹೋದರಂತೂ ಕೇಳಬೇಡಿ. ದಪ್ಪ ಕಲ್ಲುಗೋಡೆಯ ಒಳಕೋಣೆ, ಆಮ್ಲರಹಿತ ರಟ್ಟಿನ ಪೆಟ್ಟಿಗೆ, ಹೊರಗೋಡೆಗೆ ತಾಗದಂತೆ ಇಟ್ಟ ಬೀರು ಅದಕ್ಕಿಂತ ವಾಸಿ. ರಟ್ಟು ತಾನೇ ತೇವ ಹೀರಿ, ಬಿಟ್ಟು, ದಿನದ ಏರಿಳಿತವನ್ನು ತಗ್ಗಿಸುತ್ತದೆ.

ಬೌದ್ಧ ಧಮ್ಮ ಸ್ವೀಕರಿಸಿದ ಮನೆಯೊಂದರ ಗೋಡೆಯಲ್ಲಿ ದೀಕ್ಷೆಯ ಗುಂಪು ಫೋಟೋ ಇದ್ದರೆ, ಫ್ರೇಮಿನ ಅಂಚನ್ನು ಓರೆಯಾಗಿ ನೋಡಿ. ಗಾಜಿಗೆ ತಾಗಿದ ಜಾಗ ಒದ್ದೆಯಾದಂತೆ ಮಿನುಗುತ್ತಿದ್ದರೆ ಫೋಟೋ ಗಾಜಿಗೆ ಅಂಟಿದೆ ಎಂದರ್ಥ. ಕೀಳಲು ಹೋದರೆ ಮುಖಗಳೇ ಕಿತ್ತು ಗಾಜಿನಲ್ಲಿ ಉಳಿಯುತ್ತವೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿಸಿ, ಬಿಡಿಸುವ ಕೆಲಸವನ್ನು ಸಂರಕ್ಷಣಾ ತಜ್ಞರಿಗೆ ಬಿಡಿ.